ಯುವರ್ಸ್ ಒಬೀಡಿಯೆಂಟ್ಲಿ: ಹತ್ತನೇ ಕ್ಲಾಸಿನ ಇಂಗ್ಲಿಷ್ ಕಾಗದ ಮತ್ತು ಅದಕ್ಕೆ ಅಂಕ ಹಾಕುವ ಕೈ

ನಗರ ಪಾಲಿಕೆಯ ಕಮಿಷನರಿಗೆ ಒಂದು ಕಾಗದ ಬರೆಯಬೇಕು. ನಿಮ್ಮ ಬಡಾವಣೆಯಲ್ಲಿ ಚರಂಡಿ ಕಟ್ಟಿಕೊಂಡಿದೆ, ಕಸ ಎತ್ತುವವರಿಲ್ಲ, ಸೊಳ್ಳೆ ಜಾಸ್ತಿಯಾಗಿದೆ, ಕ್ರಮ ತಗೊಳ್ಳಿ ಅಂತ ಕೇಳಬೇಕು. ಇಂಗ್ಲಿಷಿನಲ್ಲೇ ಕೇಳಬೇಕು. ಐದು ಅಂಕ. ಎಸ್ಸೆಸ್ಸೆಲ್ಸಿಗೆ ಕೂತ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಇದಿಲ್ಲದಿದ್ದರೆ ಇದರ ತಮ್ಮ: ಶಾಲೆಯ ಪ್ರವಾಸಕ್ಕೆ ಅನುಮತಿಯನ್ನೂ ದುಡ್ಡನ್ನೂ ಬೇಡಿ ತಂದೆಗೆ ಕಾಗದ. ಅದೂ ಇಲ್ಲದಿದ್ದರೆ ಅಕ್ಕನ ಮದುವೆಗೆ ಗೆಳೆಯನನ್ನು ಕರೆಯುವ ಕಾಗದ. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ನಾಡಿನಲ್ಲಿ, ಯಾರಿಗೂ ತಲುಪದ ಈ ಕಾಗದಗಳನ್ನು ನಮ್ಮ ವಿಮರ್ಶಕರು ಯಾಕೆ ಓದುವುದಿಲ್ಲ? ಯಾವ ಕವಿಯ ಸಂಕಲನಕ್ಕೂ ಇಷ್ಟು ಪ್ರತಿಯ ಭಾಗ್ಯ ಇಲ್ಲ. ಸಂಕಲನದಿಂದ ಯಾರ ಬದುಕೂ ಮುರಿಯುವುದಿಲ್ಲ; ಈ ಕಾಗದದಿಂದ ಮುರಿಯುತ್ತದೆ.

ಜೆ.ಪಿ. ನಗರದ ಅಂಚಿನ ಒಂದು ಕೊಳಗೇರಿಯಲ್ಲಿ ನಾವು ಏಳು ಜನ ಸೇರಿ ಸಂಜೆ ಪಾಠ ನಡೆಸುತ್ತೇವೆ. ನಮ್ಮಲ್ಲಿ ಒಬ್ಬರು ನಿವೃತ್ತ ಹೈಸ್ಕೂಲು ಮೇಷ್ಟರು, ಮೂವರು ಡಿಗ್ರಿ ಓದುವವರು, ಒಬ್ಬರು ಬೊಮ್ಮನಹಳ್ಳಿ ಕಡೆ ಗಾರ್ಮೆಂಟಿನಲ್ಲಿ ದುಡಿದು ಈಗ ಸಂಘಟನೆಯಲ್ಲಿರುವವರು, ಉಳಿದಿಬ್ಬರು ಅದೂ ಇದೂ ಮಾಡಿಕೊಂಡಿರುವವರು. ಎರಡು ವರ್ಷದ ಹಿಂದೆ ಒಂದು ಸಂಜೆ ಒಬ್ಬ ಹುಡುಗಿ, ಒಬ್ಬ ಹುಡುಗ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಂದು ತೋರಿಸಿದರು. ಪ್ರಶ್ನೆ ಇದೇ, ಕಮಿಷನರಿಗೆ ಕಾಗದ. ಹುಡುಗನಿಗೆ ನಾಲ್ಕೂವರೆ. ಹುಡುಗಿಗೆ ಒಂದು. ಶಾಲೆಯ ಹೆಸರು ನಮಗೆ ಬೇಡ, ಯಾವ ಶಾಲೆಯಲ್ಲೂ ಹೀಗೇ ಆಗುತ್ತಿತ್ತು.

ಹುಡುಗನ ಕಾಗದ ಹೀಗೆ ಶುರುವಾಗುತ್ತದೆ: 'ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ಐ ವುಡ್ ಲೈಕ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್...' ಹೀಗೇ ಹನ್ನೆರಡು ಸಾಲು. ತಪ್ಪಿಲ್ಲ. ಚರಂಡಿಯ ವಾಸನೆಯೂ ಇಲ್ಲ. ಇದರ ಅರ್ಥ ಏನಪ್ಪಾ ಅಂತ ಕೇಳಿದರೆ ನಗುತ್ತಾನೆ: "ಗೊತ್ತಿಲ್ಲ ಅಣ್ಣಾ, ಪ್ಯಾಕೇಜಲ್ಲಿ ಇತ್ತು, ಉರು ಹೊಡೆದೆ." ನೀರಿನ ಸಮಸ್ಯೆ ಕೇಳಿದರೂ ಇದೇ ಕಾಗದ, ಬಸ್ಸಿನ ಸಮಸ್ಯೆ ಕೇಳಿದರೂ ಇದೇ ಕಾಗದ, ನಡುವಿನ ಒಂದು ಪದ ಬದಲಾಯಿಸಿದರಾಯಿತು.

ಹುಡುಗಿ ಬರೆದದ್ದನ್ನು ಅವಳು ಬರೆದ ಹಾಗೇ ಕೊಡುತ್ತೇವೆ: 'ಮೈ ಮದರ್ ಡೈಲಿ ಫೈವ್ ಓ ಕ್ಲಾಕ್ ಗೋಯಿಂಗ್ ಜಯನಗರ್ ಅಂಡ್ ಕ್ಲೀನಿಂಗ್ ಯುವರ್ ರೋಡ್. ಅವರ್ ರೋಡ್ ನೋಬಡಿ ಕ್ಲೀನಿಂಗ್. ರೈನ್ ಕೇಮ್ ಮೀನ್ಸ್ ಡ್ರೈನೇಜ್ ವಾಟರ್ ಕಮಿಂಗ್ ಇನ್‌ಸೈಡ್ ಔಸ್. ಮೈ ಬ್ರದರ್ ಫೀವರ್ ಕೇಮ್. ಯೂ ಕಮ್ ಅಂಡ್ ಸೀ ಒನ್ ಡೇ.' ಇಷ್ಟೇ. ವಿಳಾಸ ಇಲ್ಲ, ತಾರೀಖು ಇಲ್ಲ, 'ಸಬ್ಜೆಕ್ಟ್' ಇಲ್ಲ, ಕೊನೆಗೆ ಒಕ್ಕಣೆ ಇಲ್ಲ. ಪ್ರತಿ ಸಾಲಿನ ಮೇಲೂ ಕೆಂಪು ಮಸಿ. ಕೊನೆಯ ವಾಕ್ಯಕ್ಕೆ ಎರಡು ಗೆರೆ.

ಓದುಗರೇ, ನೀವೇ ಹೇಳಿ, ಇವೆರಡರಲ್ಲಿ ಕಾಗದ ಯಾವುದು? ಹುಡುಗಿಯ ತಾಯಿ ಪೌರಕಾರ್ಮಿಕಳು. ಕತ್ತಲಲ್ಲೇ ಎದ್ದು ಜಯನಗರದ ಬೀದಿ ಗುಡಿಸುತ್ತಾಳೆ. 1948ರಲ್ಲಿ ರಾಜಾಜಿಯವರ ಕೈಯಲ್ಲಿ ಅಡಿಗಲ್ಲು ಹಾಕಿಸಿಕೊಂಡು, ಅಗಲ ರಸ್ತೆ, ಸಾಲುಮರ, ಬ್ಲಾಕು ಬ್ಲಾಕಾಗಿ ಅಳೆದು ಕಟ್ಟಿಸಿಕೊಂಡ ಬಡಾವಣೆ ಅದು. ಗುಡಿಸುವವರು ಎಲ್ಲಿ ಮಲಗಬೇಕು ಎಂಬುದನ್ನು ಆ ನಕ್ಷೆಯಲ್ಲಿ ಹುಡುಕಿದರೆ ಸಿಗಲಾರದು. ಈ ಹುಡುಗಿ 'ಯುವರ್ ರೋಡ್', 'ಅವರ್ ರೋಡ್' ಎಂದು ಎರಡು ಮಾತು ಬರೆದು ಇಡೀ ದಕ್ಷಿಣ ಬೆಂಗಳೂರಿನ ನಕ್ಷೆಯನ್ನು ತಿದ್ದಿದ್ದಾಳೆ. ಕಮಿಷನರನನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾಳೆ. ನಮ್ಮ ಪ್ರಸಿದ್ಧರು ಒಂದು ಪುಟದಲ್ಲಿ ಹೇಳಲು ತಿಣುಕುವುದನ್ನು ಐದು ಸಾಲಿನಲ್ಲಿ ಹೇಳಿದ್ದಾಳೆ. ಹುಡುಗ ಮಾಡಿದ್ದು ನಕಲು; ಅದರಲ್ಲಿ ಅವನ ತಪ್ಪೇನೂ ಇಲ್ಲ, ಬದುಕಬೇಕಲ್ಲ.

ಆದರೆ ಇಷ್ಟಕ್ಕೇ ನಿಂತರೆ ನಮ್ಮದು ಬರೀ ಭಾವುಕತೆಯಾಗುತ್ತದೆ. ಹುಡುಗಿಯ ಇಂಗ್ಲಿಷ್ ಇಂಗ್ಲಿಷಾಗಿ ಸರಿ ಇದೆ ಅಂತ ನಾವು ಹೇಳುತ್ತಿಲ್ಲ. ಅದು ಸರಿ ಇಲ್ಲ. ಕೇಳಬೇಕಾದ್ದು ಬೇರೆ: ಐದು ಅಂಕದಲ್ಲಿ ಎಷ್ಟು ಅಂಕ ಯಾವುದಕ್ಕೆ ಸೇರಿದ್ದು, ಅದನ್ನು ತೀರ್ಮಾನಿಸಿದವರು ಯಾರು?

ಆ ಸಂಜೆ ನಾವೊಂದು ಕೆಲಸ ಮಾಡಿದೆವು. ಶಾಲೆಯ ಅಂಕ ಮುಚ್ಚಿ, ಏಳು ಜನರೂ ಬೇರೆ ಬೇರೆ ಕೂತು, ಹುಡುಗಿಯ ಕಾಗದಕ್ಕೆ ಅಂಕ ಹಾಕಿದೆವು. ಒಂದರಿಂದ ಹಿಡಿದು ನಾಲ್ಕರವರೆಗೆ ಬಂತು! ಏಳು ಜನರಲ್ಲಿ ಮೂರು ಅಂಕದ ಅಂತರ. ಇದು ನಮ್ಮ ಅಜ್ಞಾನ ಎಂದು ತಿಳಿಯಬೇಡಿ. 1912ರಲ್ಲೇ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಹೈಸ್ಕೂಲಿನ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿ ಮಾಡಿಸಿ ಶಾಲೆ ಶಾಲೆಗೆ ಕಳಿಸಿದ್ದರು. 142 ಕಡೆಯಿಂದ ಅಂಕ ಬಂತು. ಅದೇ ಪತ್ರಿಕೆ, ಅದೇ ಅಕ್ಷರ. ನೂರಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. ಭಾಷೆಯ ವಿಷಯ ಅಂದರೆ ಹೀಗೇ ಅಂತ ಮೂಗು ಮುರಿದವರಿಗೆ ಮುಂದಿನ ವರ್ಷ ರೇಖಾಗಣಿತದ ಪತ್ರಿಕೆ ಕಳಿಸಿ ತೋರಿಸಿದರು, ಅಲ್ಲಿ ಅಂತರ ಇನ್ನೂ ದೊಡ್ಡದಾಯಿತು. ನೂರು ವರ್ಷದ ಮೇಲಾಯಿತು ಈ ಮಾತಿಗೆ. ಅಂಕ ಅನ್ನುವುದು ತಕ್ಕಡಿಯಿಂದ ಬೀಳುವುದಿಲ್ಲ, ಒಬ್ಬ ಮನುಷ್ಯನ ಕೈಯಿಂದ ಬೀಳುತ್ತದೆ ಎಂಬುದು ಗೊತ್ತಿದ್ದೂ ನಮ್ಮ ಮಂದಿ ಅರ್ಧ ಅಂಕಕ್ಕೆ ದೇವರ ಮೇಲಿನ ಭಕ್ತಿ ತೋರಿಸುತ್ತಾರೆ.

ಆ ಕೈ ತನ್ನಿಷ್ಟಕ್ಕೆ ಓಡದಿರಲಿ ಅಂತ ಮಂಡಳಿ ಮಾದರಿ ಉತ್ತರ ಕೊಡುತ್ತದೆ. ಮೌಲ್ಯಮಾಪನ ಕೇಂದ್ರದಲ್ಲಿ ಉಪ ಮುಖ್ಯ ಮೌಲ್ಯಮಾಪಕರು ಅದನ್ನು ಓದಿ ಹೇಳುತ್ತಾರೆ: ನಮೂನೆಗೆ ಇಷ್ಟು, ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು. ಒಳ್ಳೆಯದೇ. ಒಂದು ಕಟ್ಟು ಮುಗಿಸಿ ಇನ್ನೊಂದು ಕಟ್ಟು ಬಿಚ್ಚುವ ಮೇಷ್ಟರಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಬೇಕು. ಆದರೆ ಈ ಹಗ್ಗ ಯಾರ ಕುತ್ತಿಗೆಗೆ ಬರುತ್ತದೆ ನೋಡಿ. ನಮೂನೆ ಕಣ್ಣಿಗೆ ಬೀಳುತ್ತದೆ, ಬೇಗ ಎಣಿಸಬಹುದು. ವಿಷಯ ಅನ್ನುವುದನ್ನು ಓದಬೇಕು, ಯೋಚಿಸಬೇಕು, ಅದಕ್ಕೆ ಹೊತ್ತು ಬೇಕು. ದಣಿದ ಕೈ ಎಣಿಸುವುದಕ್ಕೆ ಅಂಕ ಹಾಕುತ್ತದೆ.

ನಮೂನೆಯಲ್ಲಿ ಮೊದಲನೆಯದು ವಿಳಾಸ. ಹುಡುಗಿಯನ್ನು ಕೇಳಿದೆವು, ವಿಳಾಸ ಯಾಕೆ ಬರೀಲಿಲ್ಲ? "ನಮ್ಮನೆಗೆ ನಂಬರಿಲ್ವಲ್ಲ ಅಣ್ಣಾ." ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ನಮಗೆ ಗೊತ್ತಾಗಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಈ ಕಷ್ಟವೂ ಇಲ್ಲ: ನೀನು ಇಂಥ ಊರಿನ ಇಂಥ ಶಾಲೆಯ ಇಂಥವಳು ಎಂದು ಊಹಿಸಿಕೋ ಎಂದು ಪ್ರಶ್ನೆಯೇ ಹೆಸರು, ಊರು ಕೊಟ್ಟುಬಿಡುತ್ತದೆ. ನಕಲು, ಶಿಫಾರಸು ತಡೆಯಲಿಕ್ಕೆ ಅದು ಬೇಕು, ಒಪ್ಪೋಣ. ಆದರೆ ತಾನು ತಾನಲ್ಲ ಎಂದು ಊಹಿಸಿಕೊಂಡು, ತನ್ನದಲ್ಲದ ಊರಿನಿಂದ, ಇಲ್ಲದ ಚರಂಡಿಯ ಬಗ್ಗೆ ಬರೆಯುವ ವಿದ್ಯೆಯಲ್ಲಿ ಯಾರ ಮಕ್ಕಳು ಚುರುಕು? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಬಿ.ಟಿ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರ ಮಾಡಿ ನುಂಗಿದ ನಗರ ಇದು. ಊರಿನ ಹೆಸರಿಗೆ ಮೊದಲಕ್ಷರವಾದರೂ ಸಿಕ್ಕಿತು, ಕೇರಿಗಳಿಗೆ ಅದೂ ಸಿಗಲಿಲ್ಲ.

ತಂದೆಗೆ ಬರೆಯುವ ಕಾಗದದ ಕತೆ ಇನ್ನೂ ವಿಚಿತ್ರ. ತಂದೆ ದೂರದ ಊರಲ್ಲಿರಬೇಕು, ಅವನಿಗೆ ಇಂಗ್ಲಿಷ್ ಬರಬೇಕು, ಅವನ ಕೈಯಲ್ಲಿ ಪ್ರವಾಸಕ್ಕೆ ಕಳಿಸುವಷ್ಟು ದುಡ್ಡಿರಬೇಕು, ಮಗ ಹಾಸ್ಟೆಲಿನಲ್ಲಿರಬೇಕು. ನಮ್ಮ ಮಕ್ಕಳ ಅಪ್ಪಂದಿರು ಅದೇ ಒಂದು ಕೋಣೆಯಲ್ಲಿ ಪಕ್ಕದಲ್ಲೇ ಮಲಗಿರುತ್ತಾರೆ. ಕನ್ನಡದಲ್ಲಿ 'ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ' ಎಂದು ಬರೆಸುತ್ತಿದ್ದವರೇ ಇಂಗ್ಲಿಷಿನಲ್ಲಿ 'ಯುವರ್ಸ್ ಒಬೀಡಿಯೆಂಟ್ಲಿ' ಬರೆಸುತ್ತಾರೆ. ಯಾರಪ್ಪನ ಪಾದದಲ್ಲಿ ತೀರ್ಥ ಇತ್ತೋ ಕಾಣೆವು, ನಮ್ಮಪ್ಪಂದಿರ ಪಾದದಲ್ಲಿ ಗದ್ದೆಯ ಕೆಸರಿತ್ತು, ಈಗ ಸಿಮೆಂಟಿದೆ. ವಿಧೇಯತೆಗೆ ಅರ್ಧ ಅಂಕ ಇಟ್ಟಿರುವ ಪರೀಕ್ಷೆಯಲ್ಲಿ ಆ ಅರ್ಧ ಅಂಕ ಕಳೆದುಕೊಂಡ ಹುಡುಗಿಯನ್ನು ನಾವು ದಡ್ಡಿ ಎನ್ನಲಾರೆವು.

ಈಗ ಭಾಷೆಯ ಮಾತಿಗೆ ಬರೋಣ. ಹುಡುಗಿಯ ತಪ್ಪುಗಳನ್ನು ನಮ್ಮ ಮೇಷ್ಟರು ಒಂದೊಂದಾಗಿ ಬಿಡಿಸಿ ತೋರಿಸಿದರು. 'ರೈನ್ ಕೇಮ್ ಮೀನ್ಸ್' ಎಂದರೆ 'ಮಳೆ ಬಂತು ಅಂದ್ರೆ'. ಒಂದೂ ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. 'ಬ್ರದರ್ ಫೀವರ್ ಕೇಮ್' ಎಂದರೆ 'ತಮ್ಮನಿಗೆ ಜ್ವರ ಬಂತು'. ಕನ್ನಡದಲ್ಲಿ ಜ್ವರ ಬರುತ್ತದೆ, ಹಸಿವು ಆಗುತ್ತದೆ, ಮನುಷ್ಯನಿಗೆ ಅವು ತಾಗುತ್ತವೆ. ಇಂಗ್ಲಿಷಿನಲ್ಲಿ ಮನುಷ್ಯ ಜ್ವರವನ್ನು ಇಟ್ಟುಕೊಂಡಿರುತ್ತಾನೆ. 'ದಿ', 'ಎ' ಇಲ್ಲ, ಏಕೆಂದರೆ ಕನ್ನಡದಲ್ಲಿ ಆ ಸಾಮಾನೇ ಇಲ್ಲ. ಇವು ಯೋಚಿಸದೆ ಮಾಡಿದ ತಪ್ಪಲ್ಲ, ಯೋಚಿಸಿದ್ದಕ್ಕೇ ಆದ ತಪ್ಪು. ಉರು ಹೊಡೆದವನಿಗೆ ಇಂಥ ತಪ್ಪು ಮಾಡುವ ಯೋಗವೇ ಇಲ್ಲ.

ಇನ್ನು 'ಔಸ್'. ಇದೊಂದು ಅಕ್ಷರದ ಮೇಲೆ ಒಂದು ಪುಸ್ತಕ ಬರೆಯಬಹುದು. ಹಾಲನ್ನು ಆಲು, ಹಣ್ಣನ್ನು ಅಣ್ಣು ಎನ್ನುವ ಬಾಯಿ ನಮ್ಮದು. ಹಳೇ ಮೈಸೂರು ಸೀಮೆಯ ಹಳ್ಳಿಯಿಂದ ಬಂದವರೆಲ್ಲ ಬಲ್ಲರು, 'ಹ'ಕಾರ ಅನ್ನುವುದು ಬರೀ ಒಂದು ಸದ್ದಲ್ಲ, ಅದು ಜಾತಿ ಕೇಳುವ ಒಂದು ಉಪಾಯ. ಕನ್ನಡ ಮೇಷ್ಟರ ಕೋಲಿನ ಪೆಟ್ಟು ತಿಂದು 'ಹ' ಕಲಿತೆವು. ಅದೇ 'ಹ' ಈಗ ಇಂಗ್ಲಿಷಿನಲ್ಲಿ ಬಂದು ಕಾದು ಕೂತಿದೆ: 'ಈಸ್ ನೇಮ್ ಈಸ್ ರವಿ' ಎಂದು ಬರೆದ ಹುಡುಗನಿಗೆ ಇಡೀ ತರಗತಿಯೇ ನಕ್ಕಿತಂತೆ. ನಗುವವರಿಗೆ ಲಂಡನ್ನಿನ ಕೂಲಿಯವರೂ 'ಹ' ನುಂಗುತ್ತಾರೆಂಬುದು ಗೊತ್ತಿರಲಿಕ್ಕಿಲ್ಲ. ಬರ್ನಾರ್ಡ್ ಷಾ 'ಪಿಗ್ಮೇಲಿಯನ್' ನಾಟಕದಲ್ಲಿ ಹೂ ಮಾರುವ ಹುಡುಗಿಯ ಬಾಯಿ ತಿದ್ದಿಸಲು ಒಬ್ಬ ಪ್ರೊಫೆಸರನನ್ನೇ ಕೂರಿಸಿದ. ಇಂಗ್ಲಿಷಿನವರಿಗೇ ತಮ್ಮ ಬಡವರ ಇಂಗ್ಲಿಷ್ ಇಂಗ್ಲಿಷಾಗಿ ಕೇಳುವುದಿಲ್ಲ, ಇನ್ನು ಇಲ್ಲಿಯವರ ಮಾತೇನು.

ಇನ್ನೊಂದು ಕಡೆ ನೋಡಿ. ಜಯನಗರದ ಮನೆಯ ಮಗು 'ಯೆಸ್ಟರ್ಡೇ ಐ ಹ್ಯಾಡ್ ಬೀನ್ ಟು ಫೋರ್ತ್ ಬ್ಲಾಕ್' ಎಂದು ಬರೆಯುತ್ತದೆ. 'ವಿ ಡಿಸ್ಕಸ್ಡ್ ಅಬೌಟ್ ದಿ ಪಿಕ್ನಿಕ್' ಎನ್ನುತ್ತದೆ. 'ಕೈಂಡ್ಲಿ ಡೂ ದಿ ನೀಡ್‌ಫುಲ್' ಅಂತ ಮುಗಿಸುತ್ತದೆ. ಮೊದಲೆರಡು ವ್ಯಾಕರಣದ ಪ್ರಕಾರ ತಪ್ಪೇ, ಮೂರನೆಯದು ಹಳೇ ಕಚೇರಿಯ ಧೂಳು. ಕೆಂಪು ಮಸಿ ಇವುಗಳ ಮೇಲೆ ಹರಿದದ್ದನ್ನು ನಾವು ಕಂಡದ್ದು ಅಪರೂಪ. ಯಾಕೆಂದರೆ ತಿದ್ದುವವರೂ ಹೀಗೇ ಮಾತಾಡುತ್ತಾರೆ. ತಿದ್ದುವವರ ಮನೆಯ ತಪ್ಪು ಶೈಲಿಯಾಗುತ್ತದೆ, ಗುಡಿಸುವವರ ಮನೆಯ ತಪ್ಪು ತಪ್ಪಾಗಿಯೇ ಉಳಿಯುತ್ತದೆ. 1974ರಲ್ಲಿ, ಇಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಳ್ಳುತ್ತಿದ್ದ ಕಾಲದಲ್ಲೇ, ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುವವರ ಸಂಘಟನೆ ವಿದ್ಯಾರ್ಥಿಗಳಿಗೆ ತಮ್ಮದೇ ನುಡಿಯ ಹಕ್ಕಿದೆ ಎಂದು ನಿರ್ಣಯ ಮಾಡಿತು. ಕರಿಯರ ಮಕ್ಕಳ ಇಂಗ್ಲಿಷನ್ನು ಕೊಳಕು ಎಂದು ಕಾಣಬಾರದು ಎಂಬುದು ಅದರ ಹಿಂದಿನ ಸಿಟ್ಟು. ನಿರ್ಣಯ ಮಾಡಿದರೆ ಅಂಕ ಬದಲಾಗಿಬಿಡುತ್ತದೆಂದೇನಲ್ಲ. ಆದರೂ ಮಾತಾಡಿದರು.

ದ್ವಿತೀಯ ಭಾಷೆ ಇಂಗ್ಲಿಷ್ ಅಂದರೆ ಬಡವರ, ಕನ್ನಡ ಮಾಧ್ಯಮದ ಮಕ್ಕಳ ಪತ್ರಿಕೆ ಎಂದು ನಾವು ಬಹಳ ದಿನ ತಿಳಿದಿದ್ದೆವು. ಹಾಗಲ್ಲ. 625 ಅಂಕದ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ಉಳಿದೆಲ್ಲಕ್ಕೆ ನೂರು ನೂರು. ಬೆಂಗಳೂರಿನ ಎಷ್ಟೋ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಸಂಸ್ಕೃತವನ್ನು ಪ್ರಥಮ ಭಾಷೆ ಮಾಡಿಕೊಳ್ಳುತ್ತಾರೆ, ಅಂಕ ಧಾರಾಳವಾಗಿ ಬೀಳುತ್ತದೆ ಅಂತ. ಆಗ ಇಂಗ್ಲಿಷ್ ದ್ವಿತೀಯ ಭಾಷೆಯಾಗುತ್ತದೆ, ಕನ್ನಡ ಮೂರನೆಯ ಜಾಗಕ್ಕೆ ಹೋಗುತ್ತದೆ. ಅಂದರೆ ಎಲ್.ಕೆ.ಜಿ.ಯಿಂದ ಇಂಗ್ಲಿಷಿನಲ್ಲೇ ಗಣಿತ, ವಿಜ್ಞಾನ ಓದಿದವನೂ ಪೌರಕಾರ್ಮಿಕಳ ಮಗಳೂ ಬರೆಯುವುದು ಅದೇ ಒಂದು ಪತ್ರಿಕೆ. ಅವನ ಕಾಗದ ಓದಿದ ಕಣ್ಣಿಗೆ ಇವಳ ಕಾಗದ ಸಿಕ್ಕರೆ ಏನಾಗುತ್ತದೆಂದು ಮೌಲ್ಯಮಾಪನ ಮಾಡಿದ ಯಾವ ಮೇಷ್ಟರನ್ನಾದರೂ ಕೇಳಿ.

ಸಂಸ್ಕೃತ ಪ್ರಥಮ ಭಾಷೆಯಾಗಿರಬೇಕೋ ಬೇಡವೋ ಎಂಬ ಜಗಳದಿಂದಲೇ 1980ರಲ್ಲಿ ಗೋಕಾಕ್ ಸಮಿತಿ ಹುಟ್ಟಿತು ಎಂಬುದನ್ನು ಹೊಸ ಹುಡುಗರು ಮರೆತಿದ್ದಾರೆ. 1981ರಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ, 150 ಅಂಕ. 1982ರಲ್ಲಿ ಡಾ. ರಾಜಕುಮಾರ್ ಬೀದಿಗಿಳಿದರು, ನಾಡೇ ಎದ್ದಿತು. ವರದಿ ಕೊಟ್ಟ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರು; ಅವರ ಇಂಗ್ಲಿಷ್ ಕವಿತೆ 'ದಿ ಸಾಂಗ್ ಆಫ್ ಇಂಡಿಯಾ' ನಮ್ಮ ಮಕ್ಕಳಿಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಪಾಠವಾಗಿ ಬಂದದ್ದು ಆಮೇಲಿನ ಮಾತು. ಕನ್ನಡದ ಹೋರಾಟ ತಪ್ಪು ಎಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೂ ಮುಂಚೆ, 1973ರ ನವೆಂಬರಿನಲ್ಲಿ, ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದ್ದಕ್ಕೆ ದಲಿತ ವಿದ್ಯಾರ್ಥಿಗಳ ಮೈಮೇಲೆ ಬಿದ್ದ ಪೆಟ್ಟುಗಳನ್ನೂ ನಾವು ಮರೆತಿಲ್ಲ. ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಇಂಗ್ಲಿಷ್ ಕಲಿಯಿರಿ ಅಂದದ್ದಕ್ಕೆ ಹೊಡೆದ ಸಮಾಜವೇ ತನ್ನ ಮಕ್ಕಳನ್ನು ಸದ್ದಿಲ್ಲದೆ ಇಂಗ್ಲಿಷ್ ಶಾಲೆಗೆ ಸೇರಿಸಿತು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಬರಲು 2007ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಎ, ಬಿ, ಸಿ, ಡಿ ಐದನೇ ಕ್ಲಾಸಿನಲ್ಲಿ.

ಈ ಗದ್ದಲದ ನಡುವೆಯೇ ನಮ್ಮ ಊರಲ್ಲಿ ಇನ್ನೊಂದು ಕೆಲಸ ನಡೆಯಿತು. ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಶುರುವಾದದ್ದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬವರು ಆ ಸಂಸ್ಥೆಯವರನ್ನೂ ಶಾಲೆಯ ಮೇಷ್ಟರನ್ನೂ ಕೂಡಿಸಿಕೊಂಡು ಒಂದು ಪ್ರಯೋಗ ಮಾಡಿದರು. ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ವ್ಯಾಕರಣದ ಪಾಠ ಬೇಡ, ಮಗುವಿಗೆ ಒಂದು ಕೆಲಸ ಕೊಡಿ, ರೈಲಿನ ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿದರೆ ಬೇಗ ತಲುಪಬಹುದು ಎಂದು ಕೇಳಿ, ನಕ್ಷೆ ಕೊಟ್ಟು ದಾರಿ ಹೇಳಿಸಿ. ಉತ್ತರ ಸರಿ ಬಂತೇ ಎಂದು ನೋಡಿ, ವಾಕ್ಯ ಆಮೇಲೆ ತಾನಾಗಿ ನೆಟ್ಟಗಾಗುತ್ತದೆ. ಈ ವಾದದಲ್ಲಿ ಎಲ್ಲವೂ ಸರಿ ಎಂದು ನಾವು ಒಪ್ಪುವುದಿಲ್ಲ, ತಾನಾಗಿ ನೆಟ್ಟಗಾಗದ ವಾಕ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅರ್ಥಕ್ಕೆ ಅಂಕ ಮೊದಲು ಎಂಬ ಮಾತನ್ನು ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ 1979ರಲ್ಲಿ, ಇದೇ ಬೆಂಗಳೂರಿನಲ್ಲಿ, ಒಬ್ಬರು ಶಾಲೆಯೊಳಗೆ ಹೇಳುತ್ತಿದ್ದರು. ನಾವು ಬೀದಿಯಲ್ಲಿದ್ದೆವು, ಅವರು ತರಗತಿಯಲ್ಲಿದ್ದರು, ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಜಗತ್ತಿಗೆ ಹೆಸರಾದ ಆ ಪ್ರಯೋಗ ಎಸ್ಸೆಸ್ಸೆಲ್ಸಿ ಕಾಗದದ ಐದಂಕವನ್ನು ಮುಟ್ಟದೆ ಹೋಯಿತು.

ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲವಲ್ಲ, ಬರೀ ನೋಂದಣಿ ಸಂಖ್ಯೆ, ಜಾತಿ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. 'ಔಸ್' ಎಂಬಲ್ಲಿಂದ ಬಂತು. 'ಯುವರ್ ರೋಡ್' ಎಂಬಲ್ಲಿಂದ ಬಂತು. ಇಪ್ಪತ್ತು ಅಂಕದ ಆಂತರಿಕ ಮೌಲ್ಯಮಾಪನದಲ್ಲಂತೂ ಹೆಸರು, ಕುಲ, ಅಪ್ಪನ ಕೆಲಸ ಎಲ್ಲ ಮೇಷ್ಟರ ಕಣ್ಣೆದುರೇ ಇರುತ್ತದೆ.

ಇಲ್ಲಿಯವರೆಗೆ ಬರೆದದ್ದು ನಮಗೆ ಸುಲಭವಾಗಿತ್ತು. ಇನ್ನು ಬರೆಯುವುದು ಕಷ್ಟ. ಹುಡುಗಿಯ ಕಾಗದಕ್ಕೆ ಒಂದು ಅಂಕ ಕೊಟ್ಟವರು ನಮ್ಮ ಏಳು ಜನರಲ್ಲಿ ಯಾರು? ಮೇಲ್ಜಾತಿಯ ಇಬ್ಬರು ಗೆಳೆಯರಿದ್ದರು. ಅವರು ಮೂರೂವರೆ, ನಾಲ್ಕು ಕೊಟ್ಟಿದ್ದರು. ಒಂದು ಕೊಟ್ಟವರು ನಮ್ಮ ಕೇರಿಯಲ್ಲೇ ಹುಟ್ಟಿ, ಇಂಗ್ಲಿಷ್ ಎಂ.ಎ. ಮಾಡುತ್ತಿರುವವರು. ಯಾಕಪ್ಪಾ ಅಂದರೆ ಸಿಟ್ಟು ಬಂತು: "ಇವಳಿಗೆ ನಾಲ್ಕು ಕೊಟ್ಟು ಬೆನ್ನು ತಟ್ಟಿದ್ರೆ ನಾಳೆ ಇಂಟರ್‌ವ್ಯೂನಲ್ಲಿ ಯಾರು ಬೆನ್ನು ತಟ್ತಾರೆ? ನಂಗೆ ಯಾರೂ ಬಿಡಲಿಲ್ಲ. ಒಂದೊಂದು ದಿ-ಗೂ ಅವಮಾನ ತಿಂದು ಕಲಿತೆ. ನಿಮ್ಮ ಕರುಣೆ ನಿಮ್ಮ ಮನೇಲಿಟ್ಕೊಳ್ಳಿ." ನಾವು ಸುಮ್ಮನಾದೆವು. ಆಮೇಲೆ ತಿಳಿಯಿತು, ರೇಮಾ ಹಾನಾ ಮತ್ತು ಲೀ ಲಿಂಡೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಭಾರತದಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿ 2012ರಲ್ಲಿ ಪ್ರಕಟಿಸಿದ್ದಾರೆ. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಜಾತಿಯನ್ನು ಲಾಟರಿ ಎತ್ತಿದ ಹಾಗೆ ಅದಲುಬದಲು ಮಾಡಿ ಬರೆದು ಮೇಷ್ಟರುಗಳ ಕೈಗೆ ಕೊಟ್ಟರು. ಕೆಳಜಾತಿ ಎಂದು ಬರೆದ ಪತ್ರಿಕೆಗೆ ಅಂಕ ಕಡಿಮೆ ಬಿತ್ತು. ಅಂತರ ಸಣ್ಣದು, ಆದರೆ ಇತ್ತು. ಕಡಿಮೆ ಹಾಕಿದವರು ಬಹುಪಾಲು ಕೆಳಜಾತಿಯ ಮೇಷ್ಟರುಗಳೇ. ಈ ಮಾತನ್ನು ಎತ್ತಿಕೊಂಡು ಜಾತಿವಾದಿಗಳು ಕುಣಿಯಬಹುದು, ಕುಣಿಯಲಿ. ಒಂದು ಅಧ್ಯಯನ ಇಡೀ ದೇಶವಲ್ಲ. ಆದರೆ ನಮ್ಮ ಗೆಳೆಯನ ಸಿಟ್ಟನ್ನು ಕಣ್ಣಾರೆ ಕಂಡ ಮೇಲೆ ಇದನ್ನು ನಾವು ಮುಚ್ಚಿಡಲಾರೆವು. ಬೇಲಿ ದಾಟಿದವನಿಗೆ ಮುಳ್ಳಿನ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ, ಹಿಂದೆ ಬರುವವರ ಮೈಯಲ್ಲೂ ಅಷ್ಟೇ ಮುಳ್ಳು ಇರಲಿ ಎಂದು ಅವನಿಗೆ ಅನ್ನಿಸಿಬಿಡುತ್ತದೆ. ಅವನದು ದ್ವೇಷ ಅಲ್ಲ, ಭಯ. ಆ ಭಯವನ್ನು ಅವನೊಳಗೆ ಇಟ್ಟದ್ದು ಯಾರು ಎಂದು ಕೇಳಿ ನಾವು ತಪ್ಪಿಸಿಕೊಳ್ಳಬಹುದು. ಅಂಕ ಹಾಕಿದ ಕೈ ಮಾತ್ರ ನಮ್ಮದೇ.

ಅವನ ಮಾತಿನಲ್ಲಿ ಅರ್ಧ ನಿಜ ಇದೆ. ನಾಲ್ಕು ಕೊಟ್ಟವರನ್ನೂ ಕೇಳಬೇಕು: 'ದಿ' ಕಲಿಸುವ ಕಷ್ಟ ತಪ್ಪಿಸಿಕೊಳ್ಳಲು ನಾಲ್ಕು ಕೊಟ್ಟಿರೋ? ನಮ್ಮ ಸರ್ಕಾರಿ ವ್ಯವಸ್ಥೆ ಕೊಡುತ್ತಿರುವುದು ಅಂಥದೇ ಕರುಣೆ. ಅದರ ಹೆಸರು ಪಾಸಿಂಗ್ ಪ್ಯಾಕೇಜ್. 'ನಿಧಾನ ಕಲಿಕೆಯ' ಮಕ್ಕಳೆಂದು ಗುರುತು ಹಾಕಿ, ಒಂದು ಪದ್ಯ ಬಾಯಿಪಾಠ, ಒಂದು ಕಾಗದ, ಕೊಟ್ಟ ಸುಳಿವುಗಳನ್ನು ಜೋಡಿಸಿ ಬರೆಯುವ ಒಂದು ವ್ಯಕ್ತಿಪರಿಚಯ, ಒಂದು ಚಿತ್ರದ ಕೆಳಗೆ ನಾಲ್ಕು ವಾಕ್ಯ. ಅಷ್ಟಕ್ಕೆ ಗೆರೆ ದಾಟಬಹುದು. ಮೇಷ್ಟರನ್ನು ಬೈದು ಫಲವಿಲ್ಲ, ಶೇಕಡಾವಾರು ಫಲಿತಾಂಶದ ಕತ್ತಿ ಅವರ ತಲೆಯ ಮೇಲೆ ತೂಗುತ್ತಿರುತ್ತದೆ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೆ. 2025ರ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನೇ ಒಟ್ಟಾರೆ 33ಕ್ಕೆ, ಒಂದೊಂದು ವಿಷಯಕ್ಕೆ ಕನಿಷ್ಠ 30ಕ್ಕೆ ತಂದಿದ್ದೇವೆಂದು ಸರ್ಕಾರ ಪ್ರಕಟಿಸಿತು. ಗೆರೆ ಎಲ್ಲಿ ಎಳೆದರೂ ಕಾಗದದ ಐದಂಕ ಹೇಗೆ ಹಂಚಬೇಕೆಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಗೆರೆಯ ಮಾತು ಬಂದದ್ದರಿಂದ ಒಂದು ಸಂಗತಿ. ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಬಾಬಾಸಾಹೇಬರ ಮೇಲೊಂದು ಪಾಠ ಓದಿಸಿಕೊಂಡು ಬಂದಿದ್ದಾರೆ. ಅವರಿಗೆ ಪುಸ್ತಕದ ದಾಹ ಎಷ್ಟಿತ್ತು, ನ್ಯೂಯಾರ್ಕಿನಲ್ಲಿ ಎರಡು ಸಾವಿರ ಹಳೇ ಪುಸ್ತಕ ಕೊಂಡದ್ದು, ಇದೇ ಪ್ರಶ್ನೆ, ಇದೇ ಉತ್ತರ. ಆ ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಜೀವನಚರಿತ್ರೆ ಬರೆದ ಧನಂಜಯ ಕೀರ್ ಅವರ ಲೆಕ್ಕದಲ್ಲಿ 750ಕ್ಕೆ 282. ಶೇಕಡಾ 37.6. ಇದನ್ನು ಪಾಠದಲ್ಲಿ ಸೇರಿಸಿದರೆ ಪ್ಯಾಕೇಜಿನ ಹುಡುಗನಿಗೆ ಎರಡು ಸಾವಿರ ಪುಸ್ತಕದ ಲೆಕ್ಕಕ್ಕಿಂತ ಹೆಚ್ಚು ಉಪಯೋಗವಾಗುತ್ತಿತ್ತು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಅವಳಿಗೆ ನಮ್ಮ ಹೊಗಳಿಕೆ ಬೇಕಿರಲಿಲ್ಲ. "ನಂಗೂ ನಾಲ್ಕೂವರೆ ಬರೋ ತರ ಹೇಳ್ಕೊಡಿ" ಅಂದಳು. ಒಂದು ಕೊಟ್ಟ ಗೆಳೆಯನೇ ಎದುರು ಕೂತ. ಎರಡು ತಿಂಗಳು ಸಂಜೆ ಸಂಜೆ ಕೂತು, ಅವಳದೇ ಐದು ವಾಕ್ಯಗಳನ್ನು ಬಿಚ್ಚಿ ಕಟ್ಟಿದರು. ವಿಳಾಸ ಬಂತು, ತಾರೀಖು ಬಂತು, 'ದಿ' ಬಂತು, 'ಹೌಸ್'ಗೆ 'ಹ' ಬಂತು. 'ವೆನ್ ಇಟ್ ರೇನ್ಸ್' ಎಂದು ಬರೆದಳು. ಮಳೆಗೆ 'ಇಟ್' ಯಾಕೆ, ಯಾರದು ಅಂತ ಕೇಳಿದಳು, ಗೆಳೆಯನಿಗೆ ಉತ್ತರ ಹೊಳೆಯಲಿಲ್ಲ. 'ಯುವರ್ ರೋಡ್' ಹಾಗೇ ಉಳಿಯಿತು. ಕೊನೆಯ ವಾಕ್ಯಕ್ಕೆ ಬಂದಾಗ ನಿವೃತ್ತ ಮೇಷ್ಟರು, ಮುಂದೆ ಒಂದು 'ಕೈಂಡ್ಲಿ' ಸೇರಿಸಮ್ಮ, ಅರ್ಧ ಅಂಕ ಹೋಗುತ್ತೆ ಅಂದರು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. "ಬೇಡ ಸಾರ್. ಕೈಂಡ್ಲಿ ಅಂದ್ರೂ ಅವ್ರು ಬರಲ್ಲ." ಮೇಷ್ಟರು ಮತ್ತೆ ಹೇಳಲಿಲ್ಲ.

ಪಬ್ಲಿಕ್ ಪರೀಕ್ಷೆಯಲ್ಲಿ ಬಂದ ಕಾಗದ ಬೇರೆ. ಏನು ಬರೆದಳೋ, ಎಷ್ಟು ಬಂತೋ ನಮಗೆ ಗೊತ್ತಿಲ್ಲ. ಪಾಸಾದಳು. ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಎದುರು ಬರೀ ಒಟ್ಟು ಅಂಕ ಇರುತ್ತದೆ. ಕಾಗದಕ್ಕೆ ಎಷ್ಟು ಹಾಕಿದರೆಂದು ನೋಡಬೇಕಾದರೆ ಉತ್ತರಪತ್ರಿಕೆಯ ನಕಲಿಗೆ ನೂರಾರು ರೂಪಾಯಿ ಕಟ್ಟಬೇಕು, ಮರುಮೌಲ್ಯಮಾಪನಕ್ಕೆ ಇನ್ನೂ ಹೆಚ್ಚು. ನಾವು ಕಟ್ಟುತ್ತೇವೆ ಅಂದೆವು. ಅವಳ ತಾಯಿ, ಆ ದುಡ್ಡಲ್ಲಿ ಕಾಲೇಜಿಗೆ ಒಂದು ಜೊತೆ ಬಟ್ಟೆ ತೆಗೆಸಿಕೊಡಿ ಅಂದಳು. ಬಟ್ಟೆ ತೆಗೆಸಿಕೊಟ್ಟೆವು.